ಚಾರ್ಟ್ ಪಕ್ಕಕ್ಕಿಟ್ಟು ಬಕೆಟ್ ನೋಡಿದ್ಮೇಲೆ

ಶಾಲೆ ಮಕ್ಕಳ ಆರೋಗ್ಯದ ಕೆಲಸಕ್ಕೆ ಬಂದು ಒಂಬತ್ತು ವರ್ಷ ಆಯ್ತು, ಅದ್ರಲ್ಲಿ ಮೊದಲ ಎರಡು ವರ್ಷ ನಾನು ಮಾಡಿದ್ದು ನೀರಲ್ಲಿ ಹೋಮ ಅಂತ ಈಗ ಒಪ್ಕೊಳ್ಳೋಕೆ ನಾಚಿಕೆ ಏನಿಲ್ಲ. ಬಣ್ಣಬಣ್ಣದ ಚಾರ್ಟ್ ಹಿಡ್ಕೊಂಡು ಕ್ಲಾಸಿಗೆ ಹೋಗ್ತಿದ್ದೆ, ಪ್ರೋಟೀನ್ ಅಂದ್ರೆ ಇದು, ನಾರಿನಂಶ ಅಂದ್ರೆ ಇದು, ಹತ್ತು ವರ್ಷ ದಾಟಿದವರು ದಿನಕ್ಕೆ ಕಮ್ಮಿ ಅಂದ್ರೂ 400 ಗ್ರಾಂ ಹಣ್ಣು ತರಕಾರಿ ತಿನ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ ಅಂತೆಲ್ಲಾ ಒದರ್ತಿದ್ದೆ, ಮಕ್ಕಳೂ ಕೇಳಿದ ಪ್ರಶ್ನೆಗೆಲ್ಲಾ ಪಟಪಟ ಉತ್ತರ ಕೊಡ್ತಿದ್ರು. ಮಧ್ಯಾಹ್ನ ಊಟ ಆದ್ಮೇಲೆ ಅದೇ ಮಕ್ಕಳು ತಟ್ಟೇಲಿದ್ದ ತರಕಾರೀನ ಬಕೆಟ್ಟಿಗೆ ಸುರಿದು ಆಟಕ್ಕೆ ಓಡೋರು.

ಅದನ್ನ ನಾನು ನೋಡಿರ್ಲೇ ಇಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಸ್ಟಾಫ್ ರೂಮಲ್ಲಿ ಕೂತು ರಿಪೋರ್ಟ್ ಬರೀತಿದ್ದೆ. ಅಡುಗೆ ಮಾಡೋ ಒಬ್ಬರು ಒಂದಿನ ಕರೆದು "ಮೇಡಂ, ನಿಮ್ಮ ಪಾಠ ಎಲ್ಲಾ ಇಲ್ಲಿದೆ ನೋಡಿ" ಅಂತ ಬಕೆಟ್ ತೋರಿಸಿದ್ರು. ಮುಖಕ್ಕೆ ಹೊಡೆದಂಗಾಯ್ತು.

ಆವತ್ತಿಂದ ಎರಡು ವಾರ ಕ್ಲಾಸ್ ತಗೊಳ್ಳೋದು ಬಿಟ್ಟು ಬರೀ ಬಕೆಟ್ ತೂಗಿದೆ. ಒಂದು ಬಕೆಟ್ ತರಕಾರಿಗೆ, ಒಂದು ಹಣ್ಣಿಗೆ, ಒಂದು ಮಿಕ್ಕಿದ್ದಕ್ಕೆ. ಒಂದು ಹಳೇ ತೂಕದ ಮಿಷಿನ್, ಒಂದು ನೋಟ್‌ಬುಕ್, ಅಷ್ಟೇ ಖರ್ಚು. ತೂಕಕ್ಕಿಂತ ಹೆಚ್ಚು ಕಲಿಸಿದ್ದು ಬಕೆಟ್ ಒಳಗೆ ಏನೇನು ಯಾವ ಸ್ಥಿತೀಲಿ ಬಿದ್ದಿದೆ ಅನ್ನೋದು. ಸೇಬುಗಳು ನೋಡಿ, ಒಂದೊಂದರ ಮೇಲೂ ಒಂದೇ ಒಂದು ಸಣ್ಣ ಕಚ್ಚಿದ ಗುರುತು, ಮಿಕ್ಕಿದ್ದು ಪೂರ್ತಿ ಹಾಗೇ ಇದೆ. ದುರಹಂಕಾರ ಅಂದ್ಕೊಂಡೆ ಮೊದಲು. ಆಮೇಲೆ ಒಂದನೇ ಎರಡನೇ ಕ್ಲಾಸ್ ಮಕ್ಕಳ ಪಕ್ಕದಲ್ಲೇ ಕೂತು ನೋಡಿದ್ರೆ ಬಾಯಲ್ಲಿ ಮುಂದಿನ ಹಲ್ಲೇ ಇಲ್ಲ! ಆರು ಏಳು ವರ್ಷಕ್ಕೆ ಹಾಲುಹಲ್ಲು ಬೀಳೋ ಟೈಮು, ಇಡೀ ಸೇಬನ್ನ ಎಲ್ಲಿಂದ ಕಚ್ಚೋದು ಪಾಪ. ಮಾರನೇ ದಿನ ತೆಳ್ಳಗೆ ಹೋಳು ಮಾಡಿಸಿದ್ವಿ, ಹಣ್ಣಿನ ಬಕೆಟ್ ಹೆಚ್ಚುಕಮ್ಮಿ ಖಾಲಿ. ಕ್ಯಾರೆಟ್ಟೂ ಅಷ್ಟೇ, ಮೆತ್ತಗೆ ಬೇಯಿಸಿದ ದಪ್ಪ ತುಂಡು ಬಕೆಟ್ಟಿಗೆ ಹೋಗ್ತಿತ್ತು, ತುರಿದು ಹಾಕಿದ್ರೆ ಹೊಟ್ಟೆಗೆ ಹೋಗ್ತಿತ್ತು.

ಇನ್ನೊಂದು ವಿಷ್ಯ, ಆಟದ ಪೀರಿಯಡ್ ಊಟಕ್ಕಿಂತ ಮುಂಚೆ ಇದ್ದ ದಿನ ಬಕೆಟ್ ಹಗುರ ಇರ್ತಿತ್ತು, ಆಟ ಊಟದ ನಂತರ ಇದ್ದ ದಿನ ಭಾರ. ಆಟ ಕಾಯ್ತಿದ್ರೆ ಯಾವ ಮಗು ಕೂತು ಅಗಿಯುತ್ತೆ ಹೇಳಿ, ಬಾಯಿಗೆ ನಾಲ್ಕು ತುತ್ತು ತುರ್ಕೊಂಡು ಎದ್ದೋಗತ್ತೆ. ಟೈಮ್ ಟೇಬಲ್ ಅದಲು ಬದಲು ಮಾಡಿ ಅಂತ ಹೆಡ್ ಮಾಸ್ಟರ್ ಹತ್ರ ಮೂರು ತಿಂಗಳು ಅಲೆದಿದ್ದೀನಿ, ಒಂದು ರೂಪಾಯಿ ಖರ್ಚಿಲ್ಲದ ಕೆಲಸಕ್ಕೆ! ಜೊತೆಗೆ ಸೋಪ್ ಹಾಕಿ 20 ಸೆಕೆಂಡ್ ಕೈ ತೊಳೀರಿ ಅಂತ ಕಲಿಸಿದವಳೂ ನಾನೇ, ಇರೋದು ನಾಲ್ಕು ನಲ್ಲಿ, ಕ್ಯೂ ನಿಂತು ನಿಂತು ಊಟದ ಟೈಮ್ ಅರ್ಧ ಅಲ್ಲೇ ಮುಗೀತಿತ್ತು. ಕೊನೆಗೆ ಕ್ಲಾಸ್ ಕ್ಲಾಸಿಗೆ ಐದೈದು ನಿಮಿಷ ಮುಂದೆ ಹಿಂದೆ ಬಿಟ್ರು, ಸರಿ ಹೋಯ್ತು.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಕೂಲ್ ಡ್ರಿಂಕ್ಸಲ್ಲಿ ಎಷ್ಟು ಸಕ್ಕರೆ ಇರತ್ತೆ ಅಂತ ತೋರಿಸೋ ಡೆಮೊ ಮಾಡ್ತಿದ್ದೆ, 330 ಎಂಎಲ್ ಕೋಲಾ ಕ್ಯಾನಲ್ಲಿ ಸುಮಾರು 35 ಗ್ರಾಂ, ಒಂದು ಟೀ ಚಮಚಕ್ಕೆ 4 ಗ್ರಾಂ ಲೆಕ್ಕ ಹಾಕಿದ್ರೆ ಒಂಬತ್ತು ಚಮಚದ ಹತ್ತಿರ, ಒಂದೊಂದೇ ಚಮಚ ಗ್ಲಾಸಿಗೆ ಹಾಕ್ತಿದ್ರೆ ಮಕ್ಕಳು ಬಾಯಿ ಬಿಟ್ಕೊಂಡು ನೋಡೋರು. ಡೆಮೊ ಚೆನ್ನಾಗೇ ಇತ್ತು, ಕೆಟ್ಟಿದ್ದು ನನ್ನ ಬಾಯಿ. ಇದು ವಿಷ, ಅದು ಕೆಟ್ಟದ್ದು, ದಪ್ಪ ಆಗ್ತೀರಿ ಅಂತೆಲ್ಲಾ ಅಂದಿದ್ದೆ, ಅದೇ ವಾರ ಎಲ್ಲರೆದುರಿಗೆ ತೂಕ ನೋಡಿ ಜೋರಾಗಿ ಓದಿಯೂ ಇದ್ದೆ. ಆರನೇ ಕ್ಲಾಸಿನ ಒಂದು ಹುಡುಗಿ ಊಟ ಬಿಡೋಕೆ ಶುರು ಮಾಡಿದ್ಲು, ಅವಳಮ್ಮ ಬಂದು "ನೀವೇನೋ ಹೇಳಿದ್ರಂತೆ ಮೇಡಂ, ಮನೇಲಿ ಏನ್ ಕೊಟ್ರೂ ಇದು ಕೆಟ್ಟದ್ದಾ ಅಂತ ಕೇಳ್ತಾಳೆ" ಅಂತ ಅತ್ರು. ಆ ದಿನ ರಾತ್ರಿ ನಿದ್ದೆ ಬರ್ಲಿಲ್ಲ. ಆಮೇಲಿಂದ ತೂಕ ಎತ್ತರ ಪರದೆ ಹಿಂದೆ ಒಬ್ಬೊಬ್ಬರದ್ದೇ ನೋಡ್ತೀನಿ, ಸಂಖ್ಯೆ ಬಾಯಿಬಿಟ್ಟು ಹೇಳಲ್ಲ. ಒಳ್ಳೇದು ಕೆಟ್ಟದ್ದು ಅನ್ನೋ ಮಾತೂ ಬಿಟ್ಟೆ, ದಿನಾ ತಿನ್ನೋದು, ಯಾವಾಗ್ಲಾದ್ರೂ ತಿನ್ನೋದು, ಇಷ್ಟೇ.

ನೀರಿನ ವಿಷ್ಯಕ್ಕೂ ನಂಗೆ ಹೀಗೇ ಬುದ್ಧಿ ಬಂತು. ದೊಡ್ಡ ಹುಡುಗೀರು ಬೆಳಿಗ್ಗೆ ತಂದ ಬಾಟಲಿ ಹಾಗೇ ತುಂಬಿದ್ದನ್ನ ವಾಪಸ್ ಮನೆಗೆ ಒಯ್ಯೋರು, ತಲೆನೋವು ಅನ್ನೋರು, ಉರಿಮೂತ್ರ ಅನ್ನೋರು. ನೀರು ಕುಡೀರಿ ನೀರು ಕುಡೀರಿ ಅಂತ ಹೇಳಿದ್ದೇ ಹೇಳಿದ್ದು. ಒಬ್ಳು ಮೆಲ್ಲಗೆ ಅಂದ್ಲು, ಮಿಸ್ ಟಾಯ್ಲೆಟ್ಟಿಗೆ ಚಿಲಕ ಇಲ್ಲ. ಒಂದು ಚಿಲಕ ಮತ್ತೆ ದಿನಕ್ಕೆರಡು ಸಲ ಕ್ಲೀನಿಂಗ್, ಬಾಟಲಿಗಳು ಖಾಲಿ ಆದ್ವು.

ಪೋಷಕರ ಮೀಟಿಂಗ್ ಬಗ್ಗೆ ಜಾಸ್ತಿ ಹೇಳಲ್ಲ, ಯಾರಿಗೆ ಬೇಕೋ ಅವರು ಬರಲ್ಲ, ಬರೋರಿಗೆ ಮೊದಲೇ ಗೊತ್ತಿರತ್ತೆ. ಈಗ ಗೇಟ್ ಹತ್ರ ಮಕ್ಕಳನ್ನ ಕರ್ಕೊಂಡೋಗೋ ಹೊತ್ತಲ್ಲಿ ಎರಡು ನಿಮಿಷ ಮಾತಾಡ್ತೀನಿ, ಒಂದ್ಸಲಕ್ಕೆ ಒಂದೇ ವಿಷ್ಯ. ಬಿಸ್ಕೆಟ್ ಪ್ಯಾಕೆಟ್ ತಿರುಗಿಸಿ ತೋರಿಸ್ತೀನಿ, ಪದಾರ್ಥಗಳ ಪಟ್ಟೀಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರತ್ತೆ, ಸಕ್ಕರೆ ಒಂದೇ ಹೆಸರಲ್ಲಿ ಇರಲ್ಲ, ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್ ಅಂತ ವೇಷ ಹಾಕ್ಕೊಂಡು ಮೂರು ಕಡೆ ಕೂತಿರತ್ತೆ ಅಂತ. ಮನೇಲಿ ಜಗಳ ಆಗೋದು ಬೇಡ ಅಂದ್ರೆ ಏನು ಕೊಡಬೇಕು ಯಾವಾಗ ಕೊಡಬೇಕು ಅನ್ನೋದು ನಿಮ್ಮದು, ಎಷ್ಟು ತಿನ್ಬೇಕು ಅನ್ನೋದು ಮಗೂಗೆ ಬಿಡಿ ಅಂತೀನಿ. ತರಕಾರಿ ತಿಂದ್ರೆ ಚಾಕ್ಲೇಟ್ ಕೊಡ್ತೀನಿ ಅಂದ್ರೆ ತರಕಾರಿ ಶಿಕ್ಷೆ ಅಂತ ನೀವೇ ಹೇಳ್ಕೊಟ್ಟಂಗೆ. ಟೀಚರುಗಳಿಗೂ ಇದೇ ಹೇಳಿದೆ, ಹೋಂವರ್ಕಿಗೆ ಚಾಕ್ಲೇಟ್ ಬದ್ಲು ಪೆನ್ಸಿಲ್ ಕೊಡಿ ಅಂತ, ಇಬ್ಬರು ಮುಖ ಸಿಂಡರಿಸಿದ್ರು, ಪರವಾಗಿಲ್ಲ.

ಹೊಸ ರುಚಿಗೆ ಮಾತ್ರ ತಾಳ್ಮೆ ಬೇಕೇ ಬೇಕು. ಎಂಟು ಹತ್ತು ಸಲ, ಕೆಲವರಿಗೆ ಹದಿನೈದು ಸಲ ರುಚಿ ತೋರಿಸಿದ್ಮೇಲೆ ಒಪ್ಪೋದು, ಮನೇಲಿ ಮೂರನೇ ಸಲಕ್ಕೇ ಇವನಿಗೆ ಇಷ್ಟ ಇಲ್ಲ ಅಂತ ಬಿಟ್ಟಿರ್ತಾರೆ. ನಮ್ಮಲ್ಲಿ ಒಂದು ಚಮಚ ಮಾತ್ರ, ಇಷ್ಟ ಆಗ್ಲಿಲ್ಲ ಅಂದ್ರೆ ಉಗುಳೋಕೆ ಪೇಪರ್ ಕೊಡ್ತೀವಿ, ಉಗುಳಬಹುದು ಅಂತ ಗೊತ್ತಾದ ತಕ್ಷಣ ಅರ್ಧ ಮಕ್ಕಳು ಬಾಯಿಗೆ ಹಾಕ್ಕೊಂಡ್ರು. ಮೂರನೇ ಕ್ಲಾಸಿನ ಒಬ್ಬ ಬೀನ್ಸ್ ಕಂಡ್ರೆ ಮೂಗು ಮುಚ್ಕೊಳ್ಳೋನು, ಮೊನ್ನೆ ಹನ್ನೊಂದನೇ ಸಲ, ಉಗುಳ್ಲಿಲ್ಲ, ನುಂಗಿಯೂ ಇಲ್ಲ, ಕೆನ್ನೇಲಿ ಇಟ್ಕೊಂಡೇ ಕ್ಲಾಸಿಗೆ ಹೋದ. ನೋಟ್‌ಬುಕ್ಕಲ್ಲಿ ಅದನ್ನ ಯಾವ ಕಾಲಮ್ಮಲ್ಲಿ ಬರೀಬೇಕು ಅಂತ ಇನ್ನೂ ಯೋಚಿಸ್ತಿದ್ದೀನಿ.