ಬುತ್ತಿ ಹೋದ ಕಡೆಗೆ ಬಾಣ

ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಐದನೇ ತರಗತಿಗೆ ಪರಿಸರ ಅಧ್ಯಯನ ಹೇಳುತ್ತೇನೆ. ಆಹಾರ ಸರಪಳಿಯ ಪಾಠವನ್ನು ಮೊದಲ ಮೂರು ವರ್ಷ ಎಲ್ಲರ ಹಾಗೇ ಮಾಡಿದೆ. ಬೋರ್ಡಿನ ಮೇಲೆ ಹುಲ್ಲು, ಜಿಂಕೆ, ಹುಲಿ. ನಡುವೆ ಎರಡು ಬಾಣ. ಮಕ್ಕಳು ಬರೆದುಕೊಂಡರು, ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬಾಣ ಉಲ್ಟಾ ಹಾಕಿದ್ದರು. ಹುಲಿಯಿಂದ ಜಿಂಕೆಗೆ, ಜಿಂಕೆಯಿಂದ ಹುಲ್ಲಿಗೆ. ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಸುಮ್ಮನಾದೆ.

ನಾಲ್ಕನೇ ವರ್ಷ ಒಬ್ಬ ಹುಡುಗ ಎದ್ದು ಜಗಳಕ್ಕೇ ನಿಂತ. "ಅಕ್ಕೋರ್ರಿ, ಹುಲಿ ಜಿಂಕಿ ಮ್ಯಾಲ ಹೋಗತೈತಿ. ಜಿಂಕಿ ಹುಲಿ ಮ್ಯಾಲ ಹೋಗತೈತೇನ್ರೀ?" ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಬಾಣ ಅಂದರೆ ಅವನಿಗೆ ಬೇಟೆ. ಅದು ಊಟ ಹೋಗುವ ದಾರಿ ಅಂತ ನಾನು ಒಂದು ದಿನವೂ ಹೇಳಿರಲಿಲ್ಲ.

ಆಗ ನೆನಪಾದದ್ದು ಬುತ್ತಿ. "ನಿಮ್ಮವ್ವ ಹೊಲಕ್ಕ ಬುತ್ತಿ ಒಯ್ತಾಳಲ್ಲೋ, ಅದು ಎಲ್ಲಿಂದ ಎಲ್ಲಿಗೆ ಹೋಗತೈತಿ?"

"ಮನಿಯಿಂದ ಹೊಲಕ್ಕರೀ."

"ಉಣ್ಣಾವ್ರು ಎಲ್ಲಿರ್ತಾರ?"

"ಹೊಲದಾಗ್ರೀ."

"ಹಂಗಾದ್ರ ಬಾಣದ ಮೂತಿ ಎತ್ತಾಗ?"

ಉಣ್ಣುವವರ ಕಡೆಗೆ. ಜೋಳದ ಬುತ್ತಿ ಇಲಿಗೆ, ಇಲಿಯ ಬುತ್ತಿ ಹಾವಿಗೆ. ಆ ವರ್ಷ ಉಲ್ಟಾ ಬಾಣ ಹಾಕಿದವರು ಇಬ್ಬರೋ ಮೂವರೋ ಅಷ್ಟೇ.

ಹುಲಿಯನ್ನೂ ಅವತ್ತೇ ಬಿಟ್ಟೆ. ನಮ್ಮ ಕಡೆ ಹುಲಿ ಎಲ್ಲಿದೆ? ಇಲ್ಲೇ ಇರುವ ಯಡಹಳ್ಳಿ ಕಾಡು ಚಿಂಕಾರ ಅನ್ನುವ ಹುಲ್ಲೆಗಳಿಗಾಗಿ 2016ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿ ತೋಳ ಇದೆ, ನರಿ ಇದೆ, ಕತ್ತೆಕಿರುಬ ಇದೆ. ಕುರಿ ಕಾಯುವ ಮನೆಯ ಮಕ್ಕಳಿಗೆ ತೋಳದ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಚಿಂಕಾರದಿಂದ ತೋಳಕ್ಕೆ ಒಂದೇ ಬಾಣ ಹಾಕಿ ನಿಂತಿದ್ದೆ. ಹಿಂದಿನ ಸಾಲಿನಿಂದ ಒಬ್ಬಳು, "ಅದು ಮೊಲಾನೂ ತಿಂತೈತ್ರೀ, ಇಲೀನೂ ತಿಂತೈತಿ, ನಮ್ಮ ಕುರೀನೂ ಒಯ್ದೈತಿ" ಅಂದಳು. ಒಂದು ಬಾಣ ನಾಲ್ಕಾಯಿತು. ಸರಪಳಿ ಹರಿದು ಜಾಲ ಆಯಿತು.

ಪಾಠ ಹೊಲಕ್ಕೆ ಹೋದದ್ದು ಎಳ್ಳ ಅಮಾವಾಸ್ಯೆಯ ಮರುದಿನ. ಹಬ್ಬದ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ, ಶಾಲೆಯಲ್ಲಿ ಮಕ್ಕಳೇ ಇರೋದಿಲ್ಲ. ಕಡಬು, ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ, ಅಂದರೆ ತಂದ ಅಡುಗೆಯಲ್ಲಿ ಒಂದಿಷ್ಟನ್ನು ಹೊಲಕ್ಕೆ ಎರಚುತ್ತಾರೆ. ಮರುದಿನ ಮುಂಜಾನೆ, ಹೊಲದವರನ್ನು ಕೇಳಿಕೊಂಡು, ಶಾಲೆ ಪಕ್ಕದ ಬಿಳಿಜೋಳದ ಹೊಲಕ್ಕೆ ಮಕ್ಕಳನ್ನು ಕರೆದೊಯ್ದೆ. ಪ್ರಶ್ನೆ ಒಂದೇ: ನಿನ್ನೆಯ ಚರಗ ಯಾರು ಉಂಡರು?

ನಾಲ್ಕು ಮಕ್ಕಳಿಗೆ ಒಂದು ಗುಂಪು. ಗುಂಪಿಗೊಂದು ನಾಲ್ಕು ಮೀಟರ್ ಸುತಳಿ. ಅದನ್ನು ನೆಲದ ಮೇಲೆ ಚೌಕ ಮಾಡಿ ಹಾಸಿ, 15 ನಿಮಿಷ ಅದರೊಳಗೆ ಮಾತ್ರ ನೋಡಬೇಕು. ಎರೆ ಹೊಲ ಬಿರುಕು ಬಿಡುವ ಕಾಲ, ಚೇಳು ಹಾವಿನ ಭಯ ಇದ್ದೇ ಇದೆ. ಬಿರುಕಿನಲ್ಲಿ, ಬಿಲದಲ್ಲಿ ಕೈ ಹಾಕುವ ಹಾಗಿಲ್ಲ, ಏನಿದ್ದರೂ ಕಡ್ಡಿಯಿಂದ. ಬರಿಗಾಲಲ್ಲಿ ಬಂದವರನ್ನು ಬದುವಿನ ಮೇಲೆ ಕೂರಿಸಿ ಹಕ್ಕಿ ನೋಡಲು ಹೇಳಿದೆ. ಇದು ಮೊದಲೇ ಯೋಚಿಸಿದ್ದಲ್ಲ, ಹೊಲಕ್ಕೆ ಹೋದ ಮೇಲೆ ಅವರ ಕಾಲು ನೋಡಿ ಹೊಳೆದದ್ದು.

ಒಂದು ಚೌಕದಲ್ಲಿ ಕಡಬಿನ ಚೂರನ್ನು ಇರುವೆಗಳು ಎಳೆಯುತ್ತಿದ್ದವು. ಚೂರು ಬಿರುಕಿನ ಅಂಚಿಗೆ ಬಂದು ಸಿಕ್ಕಿಕೊಂಡಿತು. ಕೆಲವು ಇರುವೆ ಆಚೆಯಿಂದ ಎಳೆದರೆ ಕೆಲವು ಈಚೆಯಿಂದ ಎಳೆದವು. ಚೂರು ಇದ್ದಲ್ಲೇ ಗಿರಗಿರ ತಿರುಗಿತು. ಯಾವಾಗಲೂ ಗದ್ದಲ ಹಾಕುವ ಹುಡುಗರು ಮೊಣಕಾಲೂರಿ, ನೆಲಕ್ಕೆ ಮೂಗು ತಾಗುವ ಹಾಗೆ ಬಗ್ಗಿದ್ದರು. ಅಷ್ಟರಲ್ಲಿ ಒಂದು ಸಣ್ಣ ಜೇಡ ಬಂದದ್ದೇ ಒಂದು ಇರುವೆಯನ್ನು ಕಚ್ಚಿಕೊಂಡು ಹೆಂಟೆಯ ಸಂದಿಗೆ ಹೋಯಿತು. "ಚರಗಾ ಇರವಿಗೆ, ಇರವಿ ಜ್ಯಾಡಕ್ಕ!" ಅಂತ ಕೂಗಿದರು. ಬಾಣ ಎತ್ತ ಹಾಕಬೇಕು ಅಂತ ಯಾರೂ ಕೇಳಲಿಲ್ಲ.

ಬದುವಿನವರು ಗೊರವಂಕ, ಬೆಳವ, ಗುಬ್ಬಿ, ಹುಳ ಹಿಡಿಯುವ ಕಾಜಾಣ ಎಂದು ಪಟ್ಟಿ ತಂದರು. ಇನ್ನೊಂದು ಗುಂಪು ಒಣಗಿದ ಹೆಂಡಿಯನ್ನು, ಅಂದರೆ ಸಗಣಿಯನ್ನು, ಕಡ್ಡಿಯಿಂದ ಮಗುಚಿತು. ಕೆಳಗೆ ಗೆದ್ದಲು. ಹೆಂಡಿಯನ್ನೂ ಉಣ್ಣುವವರಿದ್ದಾರೆ ಅನ್ನೋದು ಮಕ್ಕಳಿಗೆ ಬಹಳ ಖುಷಿ ಕೊಟ್ಟಿತು. ಕೊಳೆಸುವ ಜೀವಿಗಳು ಅಂತ ನಾನು ಹೇಳಿದ್ದು ಅವರ ನಗು ನಿಂತ ಮೇಲೆ.

ಸುತಳಿಯ ಇನ್ನೊಂದು ಆಟದಲ್ಲಿ ನಾನು ಎಡವಿದೆ. ಮಕ್ಕಳು ಗೋಲಾಗಿ ನಿಂತು, ಒಬ್ಬರು ಜೋಳ, ಒಬ್ಬರು ಇಲಿ, ಒಬ್ಬರು ಕೆರೆಹಾವು, ಒಬ್ಬರು ಗೂಬೆ ಆಗಿ ಸುತಳಿ ಹಿಡಿಯುವುದು. ಎಲ್ಲ ತರಬೇತಿಯಲ್ಲೂ ಇದನ್ನು ಮಾಡಿಸುತ್ತಾರೆ. ಹಾವಾದವಳು ಸುತಳಿ ಬಿಟ್ಟಳು. ಎಲ್ಲರ ದಾರ ಸಡಿಲವಾಯಿತು. "ಹಾವು ಸತ್ರ ಏನಾಕೈತಿ?" ಅಂದೆ. "ಎಲ್ಲಾರೂ ಸಾಯ್ತಾರ್ರೀ!" ಅಂದರು. ಸುತಳಿಗೆ ಸಡಿಲಾಗೋದಷ್ಟೇ ಗೊತ್ತು. ಹಾವು ಕಡಿಮೆಯಾದರೆ ಇಲಿ ಹೆಚ್ಚುತ್ತವೆ, ಆಮೇಲೆ ಜೋಳದ ತೆನೆ ಹೋಗುತ್ತದೆ ಅನ್ನೋದು ಅದರಲ್ಲಿ ಕಾಣೋದೇ ಇಲ್ಲ. ಈಗ ಸುತಳಿಯ ಜೊತೆಗೆ ಇಲಿಯಾದವನ ಮುಂದೆ ಒಂದು ಬಟ್ಟಲು ಜೋಳ ಇಡುತ್ತೇನೆ. ಹಾವು ಹೋದರೆ ಇನ್ನಿಬ್ಬರು ಬಂದು ಇಲಿ ಆಗುತ್ತಾರೆ, ಒಬ್ಬೊಬ್ಬರೂ ಒಂದೊಂದು ಹಿಡಿ ಎತ್ತಿಕೊಳ್ಳುತ್ತಾರೆ. ಬಟ್ಟಲು ಖಾಲಿಯಾದಾಗ ಮೂರು ಇಲಿಗಳು ಪಿಳಿಪಿಳಿ ನೋಡುತ್ತಾ ನಿಲ್ಲುತ್ತವೆ.

ಹೊಲದಲ್ಲಿ ಮಿಡತೆ ಲೆಕ್ಕವಿಲ್ಲದಷ್ಟು, ಹದ್ದು ಮಾತ್ರ ಒಂದೋ ಎರಡೋ. ಯಾಕೆ? ಇದಕ್ಕೆ ನೀರು ಸಾಕು. 10 ಲೀಟರ್ ನೀರು ತುಂಬಿದ ಬಕೆಟ್ಟೇ ಜೋಳ ಅಂದುಕೊಂಡೆವು. ಅದರಲ್ಲಿ ಮಿಡತೆಗೆ 1 ಲೀಟರ್, ಮಿಡತೆಯಿಂದ ಓತಿಕ್ಯಾತಕ್ಕೆ 100 ಮಿ.ಲೀ., ಅಲ್ಲಿಂದ ಹದ್ದಿಗೆ 10 ಮಿ.ಲೀ. ಕೊನೆಯದನ್ನು ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದೆ. ಹದ್ದಾದ ಹುಡುಗ ಮುಚ್ಚಳ ನೋಡಿ "ಇಷ್ಟs ಏನ್ರೀ?" ಅಂದ. ಉಳಿದದ್ದು ಎಲ್ಲಿ ಹೋಯಿತು ಅಂತ ಅವರನ್ನೇ ಕೇಳಿದೆ. ಓಡಾಡಿದ್ದಕ್ಕೆ, ಉಸಿರಾಡಿದ್ದಕ್ಕೆ, ಹೆಂಡಿಗೆ ಅಂದರು. ಹತ್ತರಲ್ಲಿ ಒಂದು ಪಾಲು ಅನ್ನುವ ಈ ಲೆಕ್ಕದ ಬುಡ ಅಮೆರಿಕದ ರೇಮಂಡ್ ಲಿಂಡ್‌ಮನ್ 1942ರಲ್ಲಿ ಬರೆದ ಲೇಖನದಲ್ಲಿದೆ. ಆದರೆ ಅದು ಬರೀ ಅಂದಾಜು, ಕೆಲವು ಕಡೆ ಹೆಚ್ಚು, ಕೆಲವು ಕಡೆ ಕಡಿಮೆ. ಹೆಸರು, ಇಸವಿ ಮಕ್ಕಳಿಗೆ ಬೇಡ, ಅಂದಾಜು ಅನ್ನೋದನ್ನು ಮಾತ್ರ ಹೇಳಬೇಕು. ಉಳಿದ ನೀರನ್ನು ಶಾಲೆಯ ಬೇವಿನ ಗಿಡಕ್ಕೆ ಹಾಕಿದೆವು.

ಕೊನೆಯ ದಿನ ವರಾಂಡದ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ನಮ್ಮ ಹೊಲದ ಇಡೀ ಜಾಲ ಬರೆದೆವು. ಕುರಿ ಕಾಯುವ ಮನೆಯ ಆ ಹುಡುಗಿ ಇಲಿಯ ಹತ್ತಿರ ಕೂತು ಬಹಳ ಹೊತ್ತು ಯೋಚಿಸಿದಳು. "ಅಕ್ಕೋರ್ರಿ, ಮನ್ಯಾಗ ಇಲಿ ಪಾಷಾಣ ಇಡ್ತಾರಲ್ರೀ. ಅದನ್ನ ತಿಂದ ಇಲೀನ ಗೂಗಿ ತಿಂದ್ರ?"

ವಿಷವೂ ಬುತ್ತಿಯ ಜೊತೆಗೇ ಹೋಗುತ್ತದೆ, ಗೂಬೆಗೂ ತಾಗಬಹುದು ಅಂದೆ. ಅವಳು ಕೆಂಪು ಕಡ್ಡಿ ಕೇಳಿ ಇಸಿದುಕೊಂಡು ಪಾಷಾಣದಿಂದ ಇಲಿಗೆ, ಇಲಿಯಿಂದ ಗೂಬೆಗೆ ಗೆರೆ ಎಳೆದಳು. "ಸತ್ತ ಗೂಗೀನ ನಾಯಿ ತಿಂದ್ರ?" ಅಂತ ಇನ್ನೊಬ್ಬ ಕೇಳುವಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ತಟ್ಟೆ ಹಿಡಿದು ಓಡಿದ ಕಾಲುಗಳಿಗೆ ಅರ್ಧ ಜಾಲ ಅಳಿಸಿಹೋಯಿತು. ಕೆಂಪು ಗೆರೆ ಮಾತ್ರ ಇನ್ನೂ ಕಾಣುತ್ತಿತ್ತು.