ಲೈನ್ ಮನೆ ಹಿಂದಿನ ಬೀಟೆ ಮರ

ನಮ್ಮ ಕಾಫಿ ತೋಟ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಕೆಲಸದವರು ಇರುವ ಲೈನ್ ಮನೆಯ ಹಿಂದೆ ಒಂದು ದೊಡ್ಡ ಮರ ಇದೆ. ಕಳೆದ ವರ್ಷ ಆಗಸ್ಟ್ ಮಳೆಗೆ ಅದರ ಬುಡದ ಮಣ್ಣು ಒಂದು ಕಡೆ ಜರಿದು, ಮರ ಮನೆ ಕಡೆಗೆ ವಾಲಿದ ಹಾಗೆ ಕಂಡಿತು. ಆ ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದಾರೆ. 2018ರಲ್ಲಿ ಕೊಡಗಿನ ಗುಡ್ಡಗಳನ್ನು ಕುಸಿಸಿದ ಮಳೆ ಕಂಡವರು ನಾವು. ಗಾಳಿ ಬೀಸಿದಾಗೆಲ್ಲ ನನಗೆ ನಿದ್ದೆ ಬರುತ್ತಿರಲಿಲ್ಲ.

ಜನವರಿಯಲ್ಲಿ, ರೋಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ, ಸಿಲ್ವರ್ ಓಕ್ ಮರ ನೋಡಲು ಒಬ್ಬ ವ್ಯಾಪಾರಿ ಬಂದ. ಈ ಮರ ನೋಡಿದವನೇ, "ಇದನ್ನೂ ಸೇರಿಸಿಬಿಡಿ, ಸಿಲ್ವರ್ ಲೋಡಿನ ಅಡಿಗೆ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ" ಅಂದ. ಬೇಡ ಅಂದೆ. ಅವತ್ತು ಸಂಜೆಯೇ ವಿಚಾರಿಸಲು ಶುರು ಮಾಡಿದೆ.

ಸಿಲ್ವರ್ ವಿಷಯ ಸುಲಭ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೇ ಅನುಮತಿ ಬೇಡದ ಮರಗಳ ಪಟ್ಟಿ ಇದೆ. ಸಿಲ್ವರ್ ಓಕ್, ತೆಂಗು, ರಬ್ಬರ್, ನೀಲಗಿರಿ, ಗಾಳಿಮರ, ಹಾಲುವಾಣ, ಗ್ಲಿರಿಸಿಡಿಯಾ ಎಲ್ಲ ಅದರಲ್ಲಿವೆ. ತೋಟದ ನೆರಳಿಗೆ ನಾವೇ ನೆಟ್ಟ ಮರಗಳೇ ಜಾಸ್ತಿ. ಪಟ್ಟಿಯ ಹೊರಗಿನ ಕಾಡುಮರ ನಮ್ಮ ತೋಟದೊಳಗೇ ನಿಂತಿದ್ದರೂ ಕಡಿಯಲು ಅನುಮತಿ ಬೇಕು. ಇನ್ನೊಂದು ಮಾತು, ಇದನ್ನು ತುಂಬಾ ಜನ ಗಮನಿಸಿಲ್ಲ. ಬುಡಕ್ಕೆ ಗರಗಸ ಹಾಕಿದರೆ ಮಾತ್ರ ಕಡಿದ ಹಾಗೆ ಅಂತ ಕಾಯ್ದೆ ಹೇಳುವುದಿಲ್ಲ. ಸುತ್ತಲೂ ತೊಗಟೆ ಸುಲಿದು ಒಣಗಿಸಿದರೂ, ವಿಷ ಹಾಕಿದರೂ, ಬೆಂಕಿ ಕೊಟ್ಟರೂ ಅದು ಮರ ಕಡಿದ ಲೆಕ್ಕವೇ. "ಅದು ತಾನಾಗೇ ಒಣಗಿತು" ಅನ್ನುವ ಮಾತನ್ನು ನಮ್ಮ ಕಡೆ ಎಷ್ಟು ಸಲ ಕೇಳಿದ್ದೇವೆ, ಅಲ್ವಾ?

ಹಾಗಾದರೆ ಇದು ಯಾವ ಮರ? ಕೆಲಸದವರು ಹೊನ್ನೆ ಅಂದರು. ಅಮ್ಮ ಬೀಟೆ ಅಂದಳು. ಎಲೆ ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೆ. ಒಂದೇ ಕಡ್ಡಿಯಲ್ಲಿ ಐದಾರು ಎಲೆ, ಒಂದು ಈ ಕಡೆ, ಒಂದು ಆ ಕಡೆ. ನಾನು ಬುಡದಲ್ಲಿ ಕೂತು ತರಗೆಲೆ ಕೆದಕಿದೆ. ಹೊನ್ನೆಯ ಕಾಯಿ ದುಂಡಗೆ ಇರುತ್ತದೆ, ನಡುವೆ ಬೀಜ, ಸುತ್ತಲೂ ಹಪ್ಪಳದಂಥ ಅಂಚು. ನನಗೆ ಸಿಕ್ಕಿದ್ದು ತೆಳ್ಳಗಿನ ಉದ್ದನೆಯ ಕಾಯಿ. ಎರಡೂ ತುದಿ ಚೂಪು, ಬೆಳಕಿಗೆ ಹಿಡಿದರೆ ಒಳಗಿನ ಒಂದೆರಡು ಬೀಜ ಉಬ್ಬಿದ ಹಾಗೆ ಕಾಣುತ್ತದೆ. ಹೊನ್ನೆಯ ತೊಗಟೆಗೆ ಏಟು ಬಿದ್ದರೆ ರಕ್ತದ ಹಾಗೆ ಕೆಂಪು ಅಂಟು ಇಳಿಯುತ್ತದೆ. ಈ ಮರಕ್ಕೆ ಹಿಂದೆ ಯಾರೋ ಕತ್ತಿ ಹಾಕಿದ ಗುರುತಿತ್ತು, ಆದರೆ ಕೆಂಪು ಕಲೆ ಒಂದೂ ಇರಲಿಲ್ಲ. ಅಮ್ಮ ಹೇಳಿದ್ದೇ ಸರಿ. ಬೀಟೆ ಅಂದರೆ ಲೆಕ್ಕ ಇನ್ನೂ ಬಿಗಿ. 2017ರಿಂದ ಬೀಟೆಯ ಕುಲ ಪೂರ್ತಿ, ಕಾಡುಪ್ರಾಣಿ ಮತ್ತು ಗಿಡಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಹೊರದೇಶದ ವ್ಯಾಪಾರಕ್ಕೂ ಕಡಿವಾಣ ಇದೆ.

ಕೊಡಗಿನಲ್ಲಿ ಮರದ ಜಾತಿ ಗೊತ್ತಾದರೆ ಅರ್ಧ ಕೆಲಸ ಮಾತ್ರ ಆದ ಹಾಗೆ. ಮರ ಯಾವ ನೆಲದ ಮೇಲೆ ನಿಂತಿದೆ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಬೇರೆ ಜಿಲ್ಲೆಯ ಗೆಳೆಯರಿಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕಾಗುತ್ತದೆ. ನಮ್ಮಲ್ಲಿ ಜಮೀನು ನಮ್ಮದಾದರೂ ಮರ ಸರ್ಕಾರದ್ದಾಗಿರಬಹುದು. ಮರದ ಬೆಲೆಯನ್ನು ಹಿಂದೆಯೇ ಸರ್ಕಾರಕ್ಕೆ ಕಟ್ಟಿದ್ದರೆ ಅದು ರಿಡೀಮ್ಡ್ ಜಮೀನು, ಮರದ ಹಕ್ಕು ನಮ್ಮದು. ಕಟ್ಟಿಲ್ಲದಿದ್ದರೆ ಅನ್‌ರಿಡೀಮ್ಡ್, ಮರ ಸರ್ಕಾರದ್ದು. ಇನ್ನು ಬಾಣೆ. ಗದ್ದೆಯ ಜೊತೆಗೆ ಕಂದಾಯವಿಲ್ಲದೆ ಕೊಟ್ಟ ಜಾಗ ಅದು. ದನ ಮೇಯಿಸಲು, ಸೊಪ್ಪಿಗೆ, ಸೌದೆಗೆ, ಮನೆ ಮತ್ತು ಬೇಸಾಯದ ಬಳಕೆಯ ಮರಕ್ಕೆ ಅಂತ 1899ರ ಕೊಡಗು ಭೂ ಕಂದಾಯ ರೆಗ್ಯುಲೇಷನ್‌ನಲ್ಲೇ ಬರೆದಿದೆ. ಮನೆ ಬಳಕೆಗೆ ಅಂತ ಕೊಟ್ಟಿದ್ದನ್ನು ಲಾರಿಗೆ ತುಂಬಿಸಿ ಮಾರುವುದು ಬೇರೆಯೇ ವಿಷಯ.

ನಮ್ಮ ತೋಟದಲ್ಲಿ ಎರಡು ಸರ್ವೆ ನಂಬರ್ ಇವೆ. ಮೇಲಿನದು ಸಾಗು ಜಮೀನು, ಕೆಳಗಿನದು ಅಜ್ಜನ ಕಾಲದ ಬಾಣೆ. ನಡುವೆ ಬೇಲಿ ಇಲ್ಲ, ಕಾಫಿ ಗಿಡ ಒಂದೇ ಸಾಲಲ್ಲಿ ಇಳಿದುಕೊಂಡು ಹೋಗುತ್ತವೆ. ನಾನು ಎರಡರದ್ದೂ ಪಹಣಿ ತೆಗೆಸಿದೆ. 9ನೇ ಕಾಲಂನಲ್ಲಿ ಯಾರ್ಯಾರ ಹೆಸರಿದೆ, 11ರಲ್ಲಿ ಏನು ಬರೆದಿದ್ದಾರೆ ಅಂತ ನೋಡಿದೆ. ಅಷ್ಟು ಸಾಲಲಿಲ್ಲ. ತಾಲೂಕು ಕಚೇರಿಯಿಂದ ಹಳೆಯ ಕಂದಾಯ ದಾಖಲೆಯಾದ ಜಮಾಬಂದಿಯ ನಕಲು ತೆಗೆಸಿದೆ. ಮೇಲಿನ ಸಾಗು ರಿಡೀಮ್ಡ್ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಬಾಣೆ ಅನ್‌ರಿಡೀಮ್ಡ್. ಬಾಣೆಯ ದಾಖಲೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪಂದಿರ ಹೆಸರೂ ಇತ್ತು. ಅಂದರೆ ಅರ್ಜಿ ಹಾಕುವುದಾದರೆ ಅವರೆಲ್ಲರ ಒಪ್ಪಿಗೆಯೂ ಬೇಕು.

ಮರ ಮೇಲಿನದರಲ್ಲಿದೆ ಅಂತ ನಾನು ನಂಬಿದ್ದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಮೊಬೈಲಲ್ಲಿ ತೆಗೆದು ಬುಡದ ಹತ್ತಿರ ನಿಂತೆ. ಒಮ್ಮೆ ಈ ನಂಬರ್ ತೋರಿಸಿತು, ಎರಡು ಹೆಜ್ಜೆ ಸರಿದರೆ ಆ ನಂಬರ್. ಇಂಥ ಕಡೆ ಆ್ಯಪ್ ನಂಬಿ ಕೂರಬಾರದು. ಶುಲ್ಕ ಕಟ್ಟಿ ಸರ್ವೆಯರ್ ಕರೆಸಿದೆ. ಅವರು ಮೇಲಿನ ಮೂಲೆಯ ಗಡಿಕಲ್ಲು ಹುಡುಕಿ, ಅಲ್ಲಿಂದ ಸರಪಳಿ ಎಳೆದರು. ಮರ ಬಾಣೆಯ ಒಳಗೆ, ಗಡಿಯಿಂದ ಹತ್ತು ಅಡಿ ಕೆಳಗೆ.

ಅಂದರೆ ಆ ಬೀಟೆ ನನ್ನದಲ್ಲ. ಅದರ ಬೆಲೆ ಸರ್ಕಾರಕ್ಕೆ ಕಟ್ಟದೆ ಮಾರುವ ಹಾಗೇ ಇಲ್ಲ. ವ್ಯಾಪಾರಿ ಮಾತು ಕೇಳಿದ್ದರೆ ಸರ್ಕಾರದ ಮರ ಕದ್ದ ಕೇಸ್ ನನ್ನ ಹೆಸರಲ್ಲೇ ಆಗುತ್ತಿತ್ತು. ಜೊತೆಗಿದ್ದ ಸಿಲ್ವರ್ ಲೋಡೂ ಸಿಕ್ಕಿಬೀಳುತ್ತಿತ್ತು.

ಆದರೂ ಮಕ್ಕಳ ಚಿಂತೆ ಹಾಗೇ ಇತ್ತು. ಮರ ಈಗಲೇ ಬೀಳುತ್ತದೆ, ಜೀವಕ್ಕೆ ಅಪಾಯ ಅನ್ನುವ ಸ್ಥಿತಿ ಇದ್ದರೆ ಮೊದಲು ಕಡಿದು, 24 ಗಂಟೆಯೊಳಗೆ ವೃಕ್ಷಾಧಿಕಾರಿಗೆ ತಿಳಿಸಲು ಕಾಯ್ದೆಯಲ್ಲಿ ಅವಕಾಶ ಇದೆ. ನಮ್ಮ ಮರ ಅಂಥ ಸ್ಥಿತಿಯಲ್ಲಿರಲಿಲ್ಲ. ಆ ಅವಕಾಶವನ್ನು ಸುಮ್ನೆ ನೆಪ ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪಹಣಿ, ನಕ್ಷೆ, ಕುಟುಂಬದವರ ಒಪ್ಪಿಗೆ ಪತ್ರ, ನಾಲ್ಕು ಕಡೆಯಿಂದ ತೆಗೆದ ಫೋಟೋ ಇಟ್ಟು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಅರ್ಜಿ ಕೊಟ್ಟೆ. ಮನೆ ಕಡೆ ಚಾಚಿದ ಎರಡು ಕೊಂಬೆ ತೆಗೆಯಲು ಅನುಮತಿ ಕೊಡಿ ಅಂತಷ್ಟೇ ಕೇಳಿದೆ.

ಫಾರೆಸ್ಟರ್ ಬಂದರು, ಸುತ್ತಳತೆ ಹಿಡಿದರು, ಮಹಜರು ಬರೆದರು. ಬುಡ ಗಟ್ಟಿ ಇದೆ, ಜರಿದಿರುವುದು ಮೇಲ್ಮಣ್ಣು ಅಂತ ತೋರಿಸಿದ್ದೂ ಅವರೇ. ಅನುಮತಿ ಪತ್ರ ಕೈಗೆ ಬಂದಾಗ ಏಪ್ರಿಲ್ ಆಗಿತ್ತು. ಮರ ಹತ್ತಿ ಕೊಂಬೆ ಸವರುವ ಮರಕಪಾತಿನವರನ್ನು ಕರೆಸಿ ಎರಡೂ ಕೊಂಬೆ ಹಗ್ಗ ಕಟ್ಟಿ ಇಳಿಸಿದೆವು. ಜರಿದ ಕಡೆ ಕಲ್ಲು ಕಟ್ಟಿಸಿದೆ. ಮಳೆಗಾಲ ಮುಗಿಯುವವರೆಗೆ ಆ ಮನೆಯವರನ್ನು ಕಣದ ಹತ್ತಿರದ ಕೋಣೆಗೆ ಕಳಿಸಿದೆ.

ಇನ್ನೊಂದು ಕೆಲಸ ಮಾಡಿದ್ದೆ. ಕಾಂಡದ ಕವಲಿನಿಂದ ಒಂದು ನೈಲಾನ್ ದಾರ ಇಳಿಬಿಟ್ಟು, ತುದಿಗೆ ಕಲ್ಲು ಕಟ್ಟಿ, ಅದರ ನೇರಕ್ಕೆ ನೆಲದಲ್ಲಿ ಗೂಟ ಹೊಡೆದಿದ್ದೆ. ಮರ ವಾಲಿದರೆ ಕಲ್ಲು ಗೂಟ ಬಿಟ್ಟು ಸರಿಯಬೇಕು. ಜೂನ್‌ನಿಂದ ಪ್ರತಿ ಭಾನುವಾರ ಹೋಗಿ ಗಾಳಿ ನಿಲ್ಲುವವರೆಗೆ ಕಾದು ನೋಡುತ್ತಿದ್ದೆ. ಮೊನ್ನೆ, ಮಳೆ ಹಿಂದೆ ಸರಿದ ಮೇಲೆ ನೋಡಿದಾಗಲೂ ಕಲ್ಲು ಗೂಟದ ನೆತ್ತಿಯ ಮೇಲೇ ತೂಗುತ್ತಿತ್ತು. ಮಕ್ಕಳು ಮನೆಗೆ ವಾಪಸ್ ಬಂದಿದ್ದಾರೆ.