ಜೇಬಿನ ಕ್ಯಾಮೆರಾದಲ್ಲಿ ಸ್ಟೇಜ್ ಫೋಟೋ: ನನ್ನ ಅನುಭವ

ಸೋನಿ ಆರ್‌ಎಕ್ಸ್100, ಮಾರ್ಕ್ 3. 2014ರಲ್ಲಿ ಬಂದ ಮಾಡೆಲ್. ಸೆಕೆಂಡ್ ಹ್ಯಾಂಡ್‌ನಲ್ಲಿ 25-26 ಸಾವಿರ ಕೊಟ್ಟ ನೆನಪು. ಹಾಸನದಲ್ಲಿ ಮದುವೆ ಫೋಟೋ ಮಾಡುವ ಗೆಳೆಯರು, "ಇದ್ರಲ್ಲಿ ಸ್ಟೇಜ್ ಪ್ರೋಗ್ರಾಮಾ? ಬರೀ ಗ್ರೇನ್ಸ್ ಬರುತ್ತೆ, ಬಿಡು ಮಾರಾಯ" ಅಂತ ನಕ್ಕರು. ಈ ಸಲ ಗಣಪತಿ ಪೆಂಡಾಲಿನಲ್ಲಿ ಹಾಡಿದ ಆರ್ಕೆಸ್ಟ್ರಾದವರು ಫ್ಲೆಕ್ಸ್‌ಗೆ ಆರಿಸಿದ್ದು ಇದರ ಫೋಟೋನೇ. 8 ಅಡಿ ಅಗಲ!

ಮೊದಮೊದಲು ಹಿಂದೆ ಕೂತು ಜೂಮ್ ಎಳೆಯುತ್ತಿದ್ದೆ. ಜೂಮ್ ಮಾಡಿದರೆ 1.8 ಇದ್ದ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) 2.8 ಆಗುತ್ತೆ, ಅಂದರೆ ಬೆಳಕು ಕಮ್ಮಿ. ಅದನ್ನು ಸರಿದೂಗಿಸಲು ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 6400ಕ್ಕೆ ಹಾರುತ್ತೆ, ಹಾಡುವವರ ಮುಖದ ತುಂಬ ರವೆ ಚೆಲ್ಲಿದ ಹಾಗೆ ಗ್ರೇನ್ಸ್. ಮೊನೊಪಾಡ್‌ಗೆ (ಒಂಟಿ ಕಾಲಿನ ಸ್ಟ್ಯಾಂಡ್) 1,200 ಸುರಿದೆ. ನನ್ನ ಕೈ ಅಲುಗುವುದು ನಿಂತಿತು, ಹಾಡುವವರು ಅಲುಗುವುದು ನಿಲ್ಲಬೇಕಲ್ಲ! ಡ್ಯೂಪ್ಲಿಕೇಟ್ ಬ್ಯಾಟರಿಗೆ ಹೋದ 900 ರೂಪಾಯಿಯೂ ದಂಡ. ಒಂದು ಊದಿಕೊಂಡು ಒಳಗೇ ಸಿಕ್ಕಿಕೊಂಡಿತ್ತು.

ಆಮೇಲೆ ಜೂಮ್ ಮುಟ್ಟುವುದನ್ನೇ ಬಿಟ್ಟೆ. ಎಲ್ಲಕ್ಕಿಂತ ಅಗಲ ಕಾಣುವ 24 ಎಂಎಂ, ಅಪರ್ಚರ್ 1.8, ಸ್ಟೇಜಿನ ಅಂಚಿಗೆ ಎದೆ ತಾಗುವಷ್ಟು ಹತ್ತಿರ. ದೊಡ್ಡ ಲೆನ್ಸ್ ಹಿಡಿದು ಅಲ್ಲಿ ನಿಂತರೆ ಮುಂದಿನ ಸಾಲಿನವರು ಬೈಯುತ್ತಾರೆ. ಇದು ಅಂಗೈಯಲ್ಲೇ ಮುಚ್ಚಿಹೋಗುತ್ತೆ, ಬೀಪ್ ಆಫ್ ಮಾಡಿದರೆ ಸದ್ದೂ ಇಲ್ಲ. ಮ್ಯಾನುಯಲ್, ಶಟರ್ ಸ್ಪೀಡ್ 1/100 ಸೆಕೆಂಡ್, ಐಎಸ್‌ಒ 1600, ರಾ ಫೈಲ್ (ಆಮೇಲೆ ತಿದ್ದಲು ಅನುಕೂಲವಾದ ಕಚ್ಚಾ ಫೈಲ್). ಮುಖ ಫ್ರೇಮಿನ ಮಧ್ಯದಲ್ಲೇ ಇರಲಿ. ಅಂಚಿಗೆ ಹೋದರೆ ಕೆನ್ನೆ ಹಿಗ್ಗುತ್ತೆ.

ಉಳಿದಿದ್ದೆಲ್ಲ ಕಾಯುವ ಕೆಲಸ. ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು ಶಾಸ್ತ್ರೀಯ ಕಛೇರಿ. ಲೈಟು ನೆತ್ತಿ ಮೇಲೆ ಬಿದ್ದು ಗಾಯಕಿಯ ಕಣ್ಣೆಲ್ಲ ಕಪ್ಪು ಗುಂಡಿ. ಅವರು ತಾರಷಡ್ಜಕ್ಕೆ (ಮೇಲಿನ 'ಸ') ಏರಿ ನಿಂತಾಗ ಗದ್ದ ಮೇಲೆತ್ತಿದರು ನೋಡಿ, ಮುಖಕ್ಕೆಲ್ಲ ಬೆಳಕು ಬಂತು. ಸ್ವರ ಹಿಡಿದಷ್ಟು ಹೊತ್ತು ತಲೆಯೂ ಅಲುಗಲಿಲ್ಲ. ಆರಾಮಾಗಿ ಮೂರು-ನಾಲ್ಕು ಫ್ರೇಮ್ ಸಿಕ್ಕಿತು. ಆರ್ಕೆಸ್ಟ್ರಾದಲ್ಲಾದರೆ ಬಾಯಿಗೆ ಮೈಕ್ ಅಡ್ಡ. ಮೈಕ್ ಹಿಡಿದ ಕೈಯ ಎದುರು ಬದಿಗೆ ನಿಲ್ಲಬೇಕು, ಸಾಲು ಮುಗಿದು ಮೈಕ್ ಇಳಿಯುವಾಗ ಒತ್ತಬೇಕು. ಆಗ ನಗುವೂ ಸಿಗುತ್ತೆ.

ಮೃದಂಗಕ್ಕೆ 1/500 ಇಟ್ಟು ನೋಡಿದೆ. ಬೆರಳು ಸ್ಪಷ್ಟ ಬಂದವು, ಆದರೆ ಸುಮ್ನೆ ಮೃದಂಗದ ಮೇಲೆ ಕೈ ಇಟ್ಟು ಕೂತ ಹಾಗೆ. ಗ್ರೇನ್ಸ್ ಬೇರೆ. ಮತ್ತೆ 1/100ಕ್ಕೇ ಬಂದೆ. ಮುಖ ಶಾರ್ಪ್, ಬೆರಳು ಮಸುಕು. ಅದೇ ಚೆಂದ.

ಎಲ್‌ಇಡಿ ಲೈಟಿಗೆ ಮೊಬೈಲ್‌ನಲ್ಲಿ ಬರುವ ಪಟ್ಟಿ ಪಟ್ಟಿ ಇದರಲ್ಲಿ ಕಮ್ಮಿ, ಇಡೀ ಫ್ರೇಮಿಗೆ ಒಟ್ಟಿಗೇ ಬೆಳಕು ಬಿಡುವ ಲೀಫ್ ಶಟರ್ ಅಲ್ವಾ. ಆದರೆ ಸ್ಟೇಜಿನ ನೀಲಿ ಪಾರ್ ಲೈಟು ಮುಖಕ್ಕೆ ಬಿದ್ದರೆ ರಾ ಫೈಲೂ ಕಾಪಾಡಲ್ಲ. ಕಪ್ಪು-ಬಿಳುಪು ಮಾಡಿ ಕೊಡುತ್ತೇನೆ. ಅದಕ್ಕೇ ಜಾಸ್ತಿ ಮೆಚ್ಚುಗೆ!

ಮೊನೊಪಾಡ್ ಈಗ ಅಟ್ಟದ ಮೇಲಿದೆ. ಅದರ ಬದಲು ಕ್ಯಾಮೆರಾ ತಳದ ಸ್ಟ್ಯಾಂಡ್ ತೂತಿಗೆ ಕೂರುವ ಕಾಲು ಇಂಚಿನ ಬೋಲ್ಟ್‌ಗೆ ನೈಲಾನ್ ದಾರ ಕಟ್ಟಿಕೊಂಡಿದ್ದೇನೆ, ಖರ್ಚು 20 ರೂಪಾಯಿ. ದಾರದ ತುದಿ ತುಳಿದು ಕ್ಯಾಮೆರಾ ಮೇಲಕ್ಕೆ ಬಿಗಿಯಾಗಿ ಎಳೆದರೆ ಇಡೀ ಸ್ಟೇಜನ್ನು 1/30ರಲ್ಲೂ ತೆಗೆಯಬಹುದು. ಗ್ರೇನ್ಸ್ ಇಳಿಸುವ ನನ್ನ ಸೆಟ್ಟಿಂಗ್ ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ಒಂದು ಸಂಜೆಗೆ 2,500 ಸಿಗುತ್ತೆ. ಕ್ಯಾಮೆರಾ ದುಡ್ಡು ಬಂದು ಮೇಲೆ ಒಂದಿಷ್ಟು ಉಳಿದಿದೆ. ಭರತನಾಟ್ಯಕ್ಕೆ ಮಾತ್ರ ಇದು ನಡೆಯಲ್ಲ, ಅಲ್ಲಿ 1/250 ಆದರೂ ಬೇಕು, ಗ್ರೇನ್ಸ್ ಹೆಚ್ಚುತ್ತೆ. ಅಂಥ ಕೆಲಸ ಬಂದರೆ ದೊಡ್ಡ ಕ್ಯಾಮೆರಾದವರಿಗೆ ದಾಟಿಸುತ್ತೇನೆ, 500 ಕಮಿಷನ್ ಇಟ್ಟುಕೊಂಡು.